ಸವಣೂರಿನಲ್ಲೊಂದು ರವಿವಾರ

ರಾಜ್ಯಗಳು ಅಳಿದ ಮೇಲೆ ಕೆಲವು ಊರುಗಳಲ್ಲಿ ಕೋಟೆ ಕೊತ್ತಲಗಳು ಉಳಿಯುತ್ತವೆ, ಕೆಲವು ಊರುಗಳಲ್ಲಿ ಶಾಸನಗಳು ಉಳಿಯುತ್ತವೆ. ಸವಣೂರಿನಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಉಳಿದುದು ರುಚಿ. ಹಾವೇರಿ ಜಿಲ್ಲೆಯ ಈ ಊರಿನ ಹೆಸರೆತ್ತಿದೊಡನೆ ಹಿರಿಯರಿಗೆ ವೀಳ್ಯದೆಲೆಯೂ ಕಿರಿಯರಿಗೆ ಖಾರವೂ ನೆನಪಿಗೆ ಬರುತ್ತವೆ. ನವಾಬರ ನೆನಪು ಆಮೇಲಿನದು.

ಹುಬ್ಬಳ್ಳಿಯಿಂದ ಹೊರಟ ಒಂದು ಕುಟುಂಬದಲ್ಲಿಯೂ ಒಬ್ಬೊಬ್ಬರಿಗೆ ಒಂದೊಂದು ಬಯಕೆ ಇದ್ದಿತು. ಎಪ್ಪತ್ತು ದಾಟಿದ ಅಜ್ಜಿಗೆ ಎಲೆ ಬೇಕು; ಮೊಮ್ಮಕ್ಕಳಿಬ್ಬರಿಗೆ ಖಾರ ಬೇಕು; ಮಗನಿಗೆ ಇತಿಹಾಸ ಬೇಕು; ಸೊಸೆಗೆ ಎರಡು ದಿನಗಳ ಮಟ್ಟಿಗೆ ಒಲೆಯ ಕಾವಲಿನಿಂದ ಬಿಡುಗಡೆ ದೊರೆತರೆ ಸಾಕು. ಶನಿವಾರ ರಾತ್ರಿ ಶಿಗ್ಗಾಂವಿಯ ನೆಂಟರ ಮನೆಯಲ್ಲಿ ತಂಗಿ, ರವಿವಾರ ಬೆಳಿಗ್ಗೆ ಅವರು ಮೊದಲು ಇಳಿದುದು ಬಂಕಾಪುರದಲ್ಲಿ.

ಸವಣೂರಿನ ಕಥೆ ಆರಂಭವಾಗುವುದೂ ಅಲ್ಲಿಯೇ. ರಾಷ್ಟ್ರಕೂಟರ ದಂಡನಾಯಕ ಬಂಕೇಯನ ಹೆಸರನ್ನು ಹೊತ್ತ ಈ ಊರಿನಲ್ಲಿ 898ರಲ್ಲಿ ಗುಣಭದ್ರನ ಉತ್ತರಪುರಾಣಕ್ಕೆ ಪೂಜೆ ಸಂದಿತು. ಇಲ್ಲಿನ ಕೋಟೆಯೊಳಗಿನ ನಗರೇಶ್ವರ ದೇವಾಲಯವನ್ನು ಜನರು ಅರವತ್ತು ಕಂಬದ ಗುಡಿ ಎನ್ನುತ್ತಾರೆ. ಬಿಜಾಪುರ 1686ರಲ್ಲಿ ಮೊಗಲರ ವಶವಾದ ಬಳಿಕ ಔರಂಗಜೇಬನಿಂದ ಈ ಸೀಮೆಯ ಜಹಗೀರು ಪಡೆದ ಅಬ್ದುಲ್ ರವೂಫ್ ಖಾನನು ಬಂಕಾಪುರವನ್ನು ಬಿಟ್ಟು ಸವಣೂರನ್ನು ರಾಜಧಾನಿಯಾಗಿ ಮಾಡಿಕೊಂಡನು.

ಆದರೆ ಆ ನವಾಬಗಿರಿಯು ಸುಖದ್ದಾಗಿರಲಿಲ್ಲ. ಒಂದು ಕಡೆ ಮರಾಠರು, ಇನ್ನೊಂದು ಕಡೆ ಮೈಸೂರು. ನಡುವೆ ಈ ಪುಟ್ಟ ರಾಜ್ಯ. 1756ರಲ್ಲಿ ಪೇಶ್ವೆ ಬಾಲಾಜಿ ಬಾಜೀರಾಯನು ನಿಜಾಮ ಸಲಾಬತ್ ಜಂಗನ ಹಾಗೂ ಫ್ರೆಂಚ್ ಸೇನಾನಿ ಬುಸ್ಸಿಯ ನೆರವಿನಿಂದ ಊರನ್ನು ಮುತ್ತಿದನು. ನವಾಬನು ದೊಡ್ಡ ಭಾಗವನ್ನು ಬಿಟ್ಟುಕೊಡಬೇಕಾಯಿತು. ಹೈದರಾಲಿಯು ಮೊದಲು ಸೋಲಿಸಿ, ಅನಂತರ ಕೊಟ್ಟು ತಂದು ಬೀಗನಾದನು. ಬೀಗತನವೂ ಬಹುಕಾಲ ಕಾಯಲಿಲ್ಲ. 1786ರಲ್ಲಿ ಟಿಪ್ಪು ಸುಲ್ತಾನನು ಸವಣೂರನ್ನು ಹಿಡಿದನು, ನವಾಬನು ಮರಾಠರಲ್ಲಿ ಆಶ್ರಯ ಬೇಡಿದನು. ಬ್ರಿಟಿಷರ ಕಾಲಕ್ಕೆ ರಾಜ್ಯವು ಸುಮಾರು 70 ಚದರ ಮೈಲಿಗೆ ಇಳಿದಿದ್ದಿತು. 1948ರಲ್ಲಿ ಅದೂ ಮುಂಬಯಿ ಪ್ರಾಂತದಲ್ಲಿ ಲೀನವಾಯಿತು.

ಇಷ್ಟೆಲ್ಲ ಏಳುಬೀಳುಗಳ ನಡುವೆಯೂ ಊರು ಹಲವರಿಗೆ ನೆರಳಾಯಿತು. ಉತ್ತರಾದಿ ಮಠದ ಶ್ರೀ ಸತ್ಯಬೋಧ ತೀರ್ಥರು 1783ರಲ್ಲಿ ಇಲ್ಲಿಯೇ ವೃಂದಾವನಸ್ಥರಾದರು. ಮಠಕ್ಕೆ ಇಂದಿಗೂ ದೂರದೂರದಿಂದ ಭಕ್ತರು ಬರುತ್ತಾರೆ. ಜ್ಞಾನಪೀಠ ಪುರಸ್ಕೃತ ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದುದು ಈ ಊರಿನಲ್ಲಿ.

ನೆರಳಿನ ಮಾತು ಬಂದಾಗ ದೊಡ್ಡಹುಣಸೆ ಮಠದ ಮರಗಳನ್ನು ಮರೆಯುವಂತಿಲ್ಲ. ಹೆಸರು ಹುಣಸೆಯಾದರೂ ಜಾತಿ ಬೇರೆ; ಇವು ಆಫ್ರಿಕ ಖಂಡದ ಬಾವೋಬಾಬ್ ಮರಗಳು. ಹಣ್ಣಿನ ತಿರುಳು ಹುಳಿ, ಎಲೆ ಅಂಗೈಯ ಬೆರಳುಗಳಂತೆ ಹರಡಿದ್ದು, ಕಾಂಡವು ನೀರನ್ನು ಹಿಡಿದಿಟ್ಟುಕೊಂಡು ಆನೆಯಂತೆ ಬೆಳೆಯುತ್ತದೆ. ಶ್ರೀಕೃಷ್ಣನು ತಂದು ನೆಟ್ಟನೆಂಬ ಕಥೆಯು ಜನರ ಬಾಯಲ್ಲಿದೆ. ಮೂರು ಮರಗಳಲ್ಲಿ ಒಂದು 2023ರ ಜುಲೈ ತಿಂಗಳ ಮಳೆಯಲ್ಲಿ ಬುಡಸಹಿತ ಉರುಳಿತು. ಸತ್ತಿತೆಂದು ಕೈಬಿಡದೆ ಅದನ್ನು ಮತ್ತೆ ನೆಟ್ಟು ನಿಲ್ಲಿಸಿದರು. ಮೊಮ್ಮಗನು ತೋಳು ಚಾಚಿ ಕಾಂಡವನ್ನು ಅಳೆಯಲು ಹೋಗಿ, ಅಕ್ಕನನ್ನೂ ಅಪ್ಪನನ್ನೂ ಕರೆದರೂ ಸುತ್ತು ಪೂರೈಸಲಿಲ್ಲ.

ಪೇಟೆಯಲ್ಲಿ ಖಾರದ ಅಂಗಡಿಯ ಮುಂದೆ ಜನವೋ ಜನ. ಕಡಲೆಹಿಟ್ಟಿನಿಂದ ಕರಿದ ಸೇವು ಮೊದಲಾದವುಗಳಿಗೆ ಮಸಾಲೆ ಬೆರೆಸಿದ ಈ ತಿನಿಸನ್ನು ಚುರಮುರಿಯೊಡನೆ, ಹೆಚ್ಚಿದ ಉಳ್ಳಾಗಡ್ಡಿಯೊಡನೆ ಸವಿಯಬೇಕು. ಬ್ಯಾಡಗಿಯ ಮೆಣಸಿನಕಾಯಿ ಪೇಟೆ ಇದೇ ಜಿಲ್ಲೆಯಲ್ಲಿರುವಾಗ, ಇಲ್ಲಿನ ಒಂದು ಊರು ಖಾರಕ್ಕೆ ಹೆಸರಾದುದು ಸಹಜವೇ. ಸೊಸೆಯು ಒಂದು ಕಿಲೋ ಕಟ್ಟಿಸಿದಳು. ಮಕ್ಕಳ ಮುಖ ನೋಡಿ ಎರಡಾಯಿತು.

ಎಲೆಯ ಅಂಗಡಿಯ ಮುಂದೆ ಮಾತ್ರ ಅಜ್ಜಿಯೊಬ್ಬಳೇ ನಿಂತಿದ್ದಳು. ಮುದುಕನಾದ ವ್ಯಾಪಾರಿ ಒದ್ದೆ ಬಟ್ಟೆಯನ್ನು ಸರಿಸಿ ಒಂದು ಎಲೆ ಕೊಟ್ಟನು.

“ಮುರದು ನೋಡ್ರಿ ಅವ್ವಾರ. ಸಪ್ಪಳ ಕೇಳಿದ ಮ್ಯಾಲ ರೊಕ್ಕ ಕೊಡ್ರಿ.”

ಅಜ್ಜಿಯು ಮುರಿದಳು, ನಾಲಗೆಯ ಮೇಲಿಟ್ಟಳು. “ಅದs ಎಲಿ ಐತಿ” ಎಂದಳು.

“ಎಲಿ ಅದs ಐತ್ರಿ. ತಿನ್ನೋ ಮಂದಿ ಎಲ್ಲಿ ಅದಾರ? ಹುಡುಗ್ರೆಲ್ಲ ಚೀಟು ಹರದು ಗುಟಕಾ ಬಾಯಿಗೆ ಹಾಕ್ಕೊಂತಾರ. ತ್ವಾಟದಾಗ ದುಡಿಯೂ ಆಳೂ ಸಿಗವೊಲ್ಲರು.”

ಎಲೆಯ ತೋಟದ ದುಡಿಮೆಯು ಹಗುರವಲ್ಲ. ನುಗ್ಗೆ, ಚೊಗಚೆ, ಹಾಲವಾಣದಂತಹ ಮರಗಳನ್ನು ಮೊದಲು ಬೆಳೆಸಬೇಕು. ಅವುಗಳ ನೆರಳಿನಲ್ಲಿ ಬಳ್ಳಿಯನ್ನು ಹಬ್ಬಿಸಿ ಕಟ್ಟಬೇಕು. ನೆಲವು ಒಣಗಲೂ ಬಾರದು, ನೀರು ನಿಲ್ಲಲೂ ಬಾರದು. ಎತ್ತರಕ್ಕೆ ಏರಿದ ಬಳ್ಳಿಯನ್ನು ಇಳಿಸಿ, ಸುರುಳಿ ಸುತ್ತಿ, ಬುಡದ ಮಣ್ಣಿನಲ್ಲಿ ಹೂತರೆ ಅದು ಹೊಸದಾಗಿ ಚಿಗುರುತ್ತದೆ. ಎಲೆಯನ್ನು ಒಂದೊಂದಾಗಿ ಬೆರಳಿನಿಂದ ಕೊಯ್ದು, ಎಣಿಸಿ, ಕಟ್ಟು ಕಟ್ಟಿ ಪೇಟೆಗೆ ತರಬೇಕು. ಖಾರದ ಪೊಟ್ಟಣವು ವಾರಗಟ್ಟಲೆ ಕಾಯುತ್ತದೆ; ಎಲೆಗೆ ಅಷ್ಟು ತಾಳ್ಮೆಯಿಲ್ಲ. ಕೊಳ್ಳುವವನು ತಡಮಾಡಿದರೆ ನಷ್ಟವೆಲ್ಲ ಬೆಳೆದವನದು.

ಮದುವೆಯ ನಿಶ್ಚಯಕ್ಕೆ, ಮುತ್ತೈದೆಯ ಉಡಿಗೆ, ದೇವರ ಮುಂದಿನ ತಾಂಬೂಲಕ್ಕೆ ನಮ್ಮವರು ಎಲೆಯನ್ನು ಇಂದಿಗೂ ಬಿಟ್ಟಿಲ್ಲ. ಆದರೆ ಊಟದ ಬಳಿಕ ಮಡಿಸಿ ಮೆಲ್ಲುವವರು ಕಡಿಮೆಯಾದರೆ, ಹಬ್ಬದ ನಾಲ್ಕು ಎಲೆಗಳನ್ನು ನಂಬಿ ತೋಟಗಾರನು ವರ್ಷವಿಡೀ ಬಳ್ಳಿ ಕಾಯಲಾರನು. ಕೋಟೆಯನ್ನು ಸರಕಾರವು ಕಾಯಬಹುದು, ಬಿದ್ದ ಮರವನ್ನು ಊರವರು ಎತ್ತಿ ನಿಲ್ಲಿಸಬಹುದು. ಎಲೆಯನ್ನು ಕಾಯಬೇಕಾದವರು ತಿನ್ನುವವರೇ.

ಸವಣೂರಿಗೆ ಹೋಗುವವರು ಹುಬ್ಬಳ್ಳಿ-ಹಾವೇರಿ ರೈಲುದಾರಿಯ ಯಲವಿಗಿ ನಿಲ್ದಾಣದಲ್ಲಿ ಇಳಿಯಬಹುದು. ಹೆದ್ದಾರಿಯಿಂದ ಬರುವವರಿಗೆ ಬಂಕಾಪುರದ ದಾರಿ ಅನುಕೂಲ. ಖಾರವನ್ನು ಹೊರಡುವಾಗ ಕಟ್ಟಿಸಿಕೊಂಡರೂ ನಡೆಯುತ್ತದೆ. ಎಲೆಯನ್ನು ಬೆಳಿಗ್ಗೆಯೇ, ಕಟ್ಟು ಬಿಚ್ಚಿದ ಹೊತ್ತಿನಲ್ಲಿ ಕೊಳ್ಳುವುದು ಲೇಸು.