ನಡುಹಗಲಿನ ನೆಮ್ಮದಿ

ಮಧ್ಯಾಹ್ನ ಒಂದು ಗಂಟೆಗೆ ಮಂಡ್ಯದ ಪೇಟೆಯಲ್ಲಿ ಊಟಕ್ಕೊಂದು ನೆಮ್ಮದಿಯ ಮೂಲೆ ದೊರೆಯುವುದು ದುರ್ಲಭ. ವಿಶ್ವೇಶ್ವರಯ್ಯ ರಸ್ತೆಯ ಅಂಗಡಿಸಾಲು, ಕಚೇರಿಯ ಕೆಲಸಕ್ಕೆಂದು ಬಂದ ಹಳ್ಳಿಗರು, ಬೆಲ್ಲದ ಮಾರುಕಟ್ಟೆಯತ್ತ ಸಾಗುವ ಗಾಡಿಗಳು! ಹೋಟೆಲಿನಲ್ಲಿ ಉಣ್ಣುವವನ ಬೆನ್ನ ಹಿಂದೆಯೇ ಮತ್ತೊಬ್ಬನು ಎಲೆಗಾಗಿ ಕಾದು ನಿಂತಿರುತ್ತಾನೆ. ಅನ್ನಕ್ಕೆ ಸಾರು ಕಲಸಿಕೊಳ್ಳುವಷ್ಟು ವ್ಯವಧಾನವೂ ಅಲ್ಲಿಲ್ಲ.

ಸುಮಾರು 20 ಕಿಲೋಮೀಟರು ಪೂರ್ವಕ್ಕಿರುವ ಮದ್ದೂರಿನಲ್ಲಿ, ಹಳೆಯ ಹೆದ್ದಾರಿಯ ಹೋಟೆಲುಗಳ ನೋಟವೇ ಬೇರೆ. ಹಿಂದೆ ಬೆಂಗಳೂರು-ಮೈಸೂರುಗಳ ನಡುವಣ ಪಯಣಿಗರು ವಡೆಗಾಗಿ ಮುತ್ತಿಕೊಳ್ಳುತ್ತಿದ್ದ ಮೇಜುಗಳಲ್ಲಿ ಇಂದು ಬೇಕಾದಷ್ಟು ಹೊತ್ತು ಕುಳಿತು ಉಣ್ಣಬಹುದು. 2023ರಲ್ಲಿ ಹೊಸ ಹೆದ್ದಾರಿಯ ಉದ್ಘಾಟನೆಯಾದ ಮೇಲೆ ದೂರದ ವಾಹನಗಳು ಊರೊಳಗೆ ಇಳಿಯದೆ ಸಾಗಿಬಿಡುತ್ತವೆ. ಉಣ್ಣುವವನಿಗೆ ಒದಗಿದ ಈ ಮೌನ ಬಾಣಲೆಯ ಮುಂದೆ ನಿಂತವನ ಪಾಲಿಗೆ ನಷ್ಟವೇ.

ಯಾರಿಗೂ ನಷ್ಟವಾಗದ ಮೌನ ಬೇಕೆಂದರೆ, ರವೆ, ಮೈದಾ, ಅಕ್ಕಿಹಿಟ್ಟು, ಈರುಳ್ಳಿ ಬೆರೆತ ಆ ಗರಿಗರಿಯಾದ ವಡೆಯ ಪೊಟ್ಟಣವನ್ನು ಅಲ್ಲಿಯೇ ಕೊಂಡು (ಹಾಗೆ ಕೊಳ್ಳುವುದೇ ನ್ಯಾಯ) ಸಮೀಪದ ವೈದ್ಯನಾಥಪುರಕ್ಕೆ ಹೋಗಬೇಕು. ವೈದ್ಯನಾಥೇಶ್ವರನ ಪುರಾತನ ದೇವಾಲಯದ ಬಳಿ, ಮಳವಳ್ಳಿಯ ಸೀಮೆಯಲ್ಲಿ ಕಾವೇರಿಯನ್ನು ಕೂಡಲು ಹೊರಟ ಶಿಂಷೆ ಹರಿಯುತ್ತಾಳೆ. ಅಲ್ಲಿ ಬುತ್ತಿ ಬಿಚ್ಚಿದವನ ಬೆನ್ನ ಹಿಂದೆ ಎಲೆಗಾಗಿ ಕಾಯುವವರಿಲ್ಲ. ಹೆಚ್ಚೆಂದರೆ ಒಂದೆರಡು ಕಾಗೆಗಳು.