ಬೆಳಗಿನ ಗುಳಿಗೆ, ಇರುಳಿನ ಬೆವರು



ಈ ಪತ್ರಿಕೆಯು ಪ್ರತಿ ತಿಂಗಳೂ ನಮ್ಮ ಮನೆಗೆ ಯಜಮಾನರ ಹೆಸರಿನಲ್ಲಿ ಬರುತ್ತದೆ. ಅವರು ಮಠದ ಉಚಿತ ಪ್ರಸಾದ ನಿಲಯದಲ್ಲಿದ್ದು ಓದಿದವರು. ಆದರೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬಿಡದೆ ಓದುವವಳು ನಾನು. ಮಧ್ಯಾಹ್ನ ಅಡುಗೆಮನೆಯ ಕೆಲಸ ಮುಗಿದ ಮೇಲೆ. ನಿಮ್ಮ ಮನೆಗಳಲ್ಲಿಯೂ ಹೀಗೆಯೇ ನಡೆಯುತ್ತಿರಬಹುದೆಂಬ ನಂಬಿಕೆಯಿಂದ, ಹೆಂಗಸರು ತಮ್ಮತಮ್ಮೊಳಗೂ ಮೆಲ್ಲಗೆ ಆಡಿಕೊಳ್ಳುವ ಒಂದು ವಿಷಯವನ್ನು ಇಲ್ಲಿ ಬರೆಯುವ ಧೈರ್ಯ ಮಾಡಿದ್ದೇನೆ. ಸಂಕೋಚವೆನಿಸಿದವರು ಪುಟ ತಿರುವಬಹುದು. ತಿರುವುವ ಮುನ್ನ, ಮನೆಯಲ್ಲಿ ನಲವತ್ತೈದು ದಾಟಿದ ಹೆಂಗಸರು ಯಾರಿದ್ದಾರೆಂದು ಒಮ್ಮೆ ನೆನೆದುಕೊಳ್ಳಬೇಕೆಂದು ಬೇಡುತ್ತೇನೆ.

ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುವುದನ್ನು ನೀವೆಲ್ಲರೂ ಬಲ್ಲಿರಿ. ಚಾಮರಾಜಪೇಟೆಯ ನಮ್ಮ ಮನೆಯಿಂದ ನಡೆದೇ ಹೋಗುವುದು ನಮ್ಮ ಪದ್ಧತಿ. ನನಗೆ 46 ತುಂಬಿದ ವರ್ಷ, ದೊಡ್ಡ ಗಣಪತಿಯ ಗುಡಿಯ ಬಳಿ ಜನರ ನಡುವೆ ನಿಂತಿದ್ದಾಗ ಎದೆಯಿಂದ ಕತ್ತಿಗೆ, ಕತ್ತಿನಿಂದ ಮುಖಕ್ಕೆ ಬೆಂಕಿಯ ಝಳದಂತೆ ಒಂದು ಬಿಸಿ ಏರಿತು. ಕುಪ್ಪಸವೆಲ್ಲ ಒದ್ದೆಯಾಯಿತು. ಪಕ್ಕದಲ್ಲಿ ಮಗಳು ಚಳಿಯೆಂದು ಶಾಲು ಹೊದ್ದು ನಿಂತಿದ್ದಳು. ಜನಜಂಗುಳಿಯ ಕಾವಿರಬೇಕೆಂದುಕೊಂಡೆ. ಅದೇ ರಾತ್ರಿ ಎರಡು ಗಂಟೆಗೆ, ಜನರಿಲ್ಲದ ಕೋಣೆಯಲ್ಲಿ, ಅದೇ ಬಿಸಿ ಮತ್ತೆ ಎದ್ದಾಗ ಆ ಸಮಾಧಾನವೂ ಉಳಿಯಲಿಲ್ಲ.

ನನಗೆ 39ನೆಯ ವಯಸ್ಸಿನಿಂದ ಥೈರಾಯ್ಡ್ ಗ್ರಂಥಿ ಮಂದವಾಗಿದೆ. ದಿನಕ್ಕೆ 75 ಮೈಕ್ರೋಗ್ರಾಂ ಥೈರಾಕ್ಸಿನ್ ಗುಳಿಗೆ. ಚಿಕ್ಕಮಗಳೂರಿನ ಕಡೆಯ ನಮ್ಮ ಸೋದರತ್ತೆಗೆ ಕತ್ತಿನಲ್ಲಿ ಗಳಗಂಡವಿದ್ದುದನ್ನು ಬಾಲ್ಯದಲ್ಲಿ ಕಂಡಿದ್ದೆನಾದ್ದರಿಂದ ನನ್ನದೂ ಉಪ್ಪಿನ ಕೊರತೆಯೇ ಇರಬೇಕೆಂದು ಬಹುಕಾಲ ತಿಳಿದಿದ್ದೆ. ಅದು ತಪ್ಪು ತಿಳಿವಳಿಕೆ. ಅಯೋಡಿನ್ ಬೆರೆತ ಉಪ್ಪು ಮನೆಮನೆಗೆ ಬಂದ ಮೇಲೆ ಹೆಚ್ಚಿನವರಲ್ಲಿ ಈ ಮಂದತೆಗೆ ಕಾರಣ, ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿಬೀಳುವುದು. 1912ರಲ್ಲಿ ಇದನ್ನು ವಿವರಿಸಿದ ಜಪಾನಿನ ವೈದ್ಯ ಹಾಶಿಮೊಟೊ ಅವರ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ.

ಥೈರಾಯ್ಡ್ ಇರುವವರಿಗೆ ಒಂದು ದುರ್ಗತಿಯುಂಟು: ಏನು ಹೇಳಿಕೊಂಡರೂ ಅದು ಥೈರಾಯ್ಡಿನ ತಲೆಗೇ ಬರುತ್ತದೆ. ಆಯಾಸ, ಮೈ ಊದುವುದು, ಕೂದಲುದುರುವುದು, ಮರೆವು, ಕಾರಣವಿಲ್ಲದ ಸಿಡುಕು, ಮುಟ್ಟಿನ ಏರುಪೇರು. ಇವೆಲ್ಲ ಗ್ರಂಥಿ ಮಂದವಾದಾಗಲೂ ಬರುತ್ತವೆ, ಮುಟ್ಟು ನಿಲ್ಲುವುದಕ್ಕೆ ಮುಂಚಿನ ಕೆಲವು ವರ್ಷಗಳಲ್ಲಿಯೂ ಬರುತ್ತವೆ. ನಾನು ತೋರಿಸಿಕೊಂಡ ಒಬ್ಬ ವೈದ್ಯರು ಗುಳಿಗೆಯ ಪ್ರಮಾಣವನ್ನು 100ಕ್ಕೆ, ಅನಂತರ 125ಕ್ಕೆ ಏರಿಸಿದರು. ಎದೆ ಡವಡವನೆ ಹೊಡೆದುಕೊಳ್ಳಲಾರಂಭಿಸಿತು. ಲೋಟ ಹಿಡಿದ ಕೈ ನಡುಗಿತು. ಸಹಜವಾಗಿ ನಾನು ದೇವರ ಮೇಲೆ ಭಾರ ಹಾಕಿ ಮೂರು ತಿಂಗಳು ಸುಮ್ಮನಿದ್ದೆ. ಅದು ನನ್ನ ತಪ್ಪು. ಬೇಕಾದುದಕ್ಕಿಂತ ಹೆಚ್ಚಿನ ಥೈರಾಕ್ಸಿನ್ ಹೃದಯದ ಬಡಿತವನ್ನು ಕೆಡಿಸುವುದಲ್ಲದೆ ಮೂಳೆಗಳನ್ನೂ ಸವೆಸುತ್ತದೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೂಳೆಗಳು ಮೊದಲೇ ಸವೆಯುತ್ತಿರುತ್ತವೆ.

ಮಲ್ಲೇಶ್ವರದಲ್ಲಿ ಓರಗಿತ್ತಿ ಕರೆದೊಯ್ದು ತೋರಿಸಿದ ಹಿರಿಯ ವೈದ್ಯೆ ಕೇಳಿದ ಮೊದಲ ಪ್ರಶ್ನೆ, “ಮುಟ್ಟು ಹೇಗಿದೆಯಮ್ಮ?” ಎಂಬುದು. ಒಂದೂವರೆ ವರ್ಷದಲ್ಲಿ ಯಾರೂ ನನ್ನನ್ನು ಅದನ್ನು ಕೇಳಿರಲಿಲ್ಲ. ಎರಡು ತಿಂಗಳು ಬಾರದೆ, ಬಂದರೆ ಹತ್ತು ದಿನ ನಿಲ್ಲದೆ ಇದ್ದುದನ್ನು ಹೇಳಿದೆ. ರಕ್ತಪರೀಕ್ಷೆ, ಗರ್ಭಕೋಶದ ಸ್ಕ್ಯಾನ್, ಸ್ತನದ ಪರೀಕ್ಷೆ ಎಲ್ಲ ಆದುವು. ಥೈರಾಕ್ಸಿನ್ ಮತ್ತೆ 75ಕ್ಕೆ ಇಳಿಯಿತು. ಬಿಸಿ ಏರುವುದಕ್ಕೂ ನಿದ್ರೆಗೆಟ್ಟುದಕ್ಕೂ ಹಾರ್ಮೋನು ಚಿಕಿತ್ಸೆಯನ್ನು ಅವರು ಸೂಚಿಸಿದರು.

ಮನೆಗೆ ಬಂದು ಹೇಳಿದಾಗ ಎಲ್ಲರೂ ಒಟ್ಟಿಗೆ “ಕ್ಯಾನ್ಸರ್ ಬರುತ್ತದೆ” ಎಂದರು. ಈ ಭಯಕ್ಕೆ ಮೂಲವಿದೆ. 2002ರಲ್ಲಿ ಅಮೆರಿಕದ ದೊಡ್ಡದೊಂದು ಪ್ರಯೋಗವನ್ನು ನಡುವೆಯೇ ನಿಲ್ಲಿಸಲಾಯಿತು. ಎರಡು ಹಾರ್ಮೋನುಗಳನ್ನೂ ಸೇವಿಸಿದವರಲ್ಲಿ ವರ್ಷಕ್ಕೆ 10,000 ಮಂದಿಗೆ ಸುಮಾರು 8 ಸ್ತನ ಕ್ಯಾನ್ಸರುಗಳು ಹೆಚ್ಚಾಗಿ ಕಂಡಿದ್ದುವು. ಆದರೆ ಆ ಹೆಂಗಸರ ಸರಾಸರಿ ವಯಸ್ಸು 63. ಅರುವತ್ತರೊಳಗೆ, ಮುಟ್ಟು ನಿಂತ ಹತ್ತು ವರ್ಷಗಳೊಳಗೆ ಆರಂಭಿಸುವ ಆರೋಗ್ಯವಂತರಿಗೆ ತೊಂದರೆಗಿಂತ ಲಾಭವೇ ಹೆಚ್ಚೆಂಬುದು ಅನಂತರದ ವಿವೇಚನೆ. ಸ್ತನ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟಿದ ಚರಿತ್ರೆಯುಳ್ಳವರಿಗೆ, ಯಕೃತ್ತಿನ ಕಾಯಿಲೆಯವರಿಗೆ, ಕಾರಣ ತಿಳಿಯದ ರಕ್ತಸ್ರಾವವುಳ್ಳವರಿಗೆ ಇದು ಸಲ್ಲದು. ಗರ್ಭಕೋಶವಿರುವವರು ಈಸ್ಟ್ರೋಜನ್ ಒಂದನ್ನೇ ತೆಗೆದುಕೊಳ್ಳಬಾರದು. ಒಳಪದರ ಬೆಳೆದು ಅಲ್ಲಿಯೇ ಕ್ಯಾನ್ಸರಿಗೆ ಎಡೆಯಾಗುವುದರಿಂದ ಜೊತೆಗೆ ಪ್ರೊಜೆಸ್ಟರಾನ್ ಬೇಕೇ ಬೇಕು. ನಮ್ಮಂಥವರಿಗೆ ಇನ್ನೊಂದು ಮಾತು: ಪ್ರೊಜೆಸ್ಟರಾನ್ ಕ್ಯಾಪ್ಸೂಲಿನ ಹೊದಿಕೆ ಸಾಮಾನ್ಯವಾಗಿ ಜೆಲಟಿನ್, ಎಂದರೆ ಪ್ರಾಣಿಜನ್ಯ. ಕೇಳಿದರೆ ಗುಳಿಗೆಯ ರೂಪದಲ್ಲಿಯೂ ದೊರೆಯುತ್ತದೆ. ನಾನು ಕೇಳಿದೆ.

ಈಸ್ಟ್ರೋಜನ್ನನ್ನು ಮೊದಲು ಬಾಯಿಂದ ನುಂಗುವ ಗುಳಿಗೆಯಾಗಿಯೇ ಆರಂಭಿಸಿದೆ. ತಿಂಗಳೊಳಗೆ ಇರುಳಿನ ಬೆವರು ನಿಂತಿತು. ಇಡೀ ರಾತ್ರಿ ನಿದ್ರಿಸಿದ ಮೊದಲ ದಿನ ಬೆಳಿಗ್ಗೆ ಎದ್ದು ಅತ್ತಿದ್ದೇನೆಂದರೆ ನಗಬೇಡಿರಿ. ಆದರೆ ಮೂರನೆಯ ತಿಂಗಳಿಗೆ ಹಳೆಯ ಶತ್ರು ಬೇರೆ ಬಾಗಿಲಿನಿಂದ ಬಂದ. ಮಲಬದ್ಧತೆ, ಒಣಚರ್ಮ, ಮೆಟ್ಟಿಲು ಹತ್ತಲಾರದ ಆಯಾಸ. ಟಿ.ಎಸ್.ಎಚ್. 9 ದಾಟಿತ್ತು. ಗ್ರಂಥಿ ಪೂರ್ತಿ ಸತ್ತುಹೋಯಿತೆಂದು ನಾನು ಕಂಗಾಲಾದೆ.

ವೈದ್ಯೆ ವಿವರಿಸಿದ್ದು ಹೀಗೆ. ಥೈರಾಕ್ಸಿನ್ ರಕ್ತದಲ್ಲಿ ಬಹುಪಾಲು ಒಂದು ಪ್ರೋಟೀನಿಗೆ ಅಂಟಿಕೊಂಡು ಸಂಚರಿಸುತ್ತದೆ. ಅಂಟದೆ ಬಿಡಿಯಾಗಿ ಉಳಿದ ಅತ್ಯಲ್ಪ ಭಾಗವೇ ಕೆಲಸ ಮಾಡುವಂಥದು. ನುಂಗಿದ ಈಸ್ಟ್ರೋಜನ್ ಮೊದಲು ಯಕೃತ್ತಿಗೆ ಹೋಗುತ್ತದೆ. ಅದರ ಪ್ರಚೋದನೆಯಿಂದ ಯಕೃತ್ತು ಆ ಪ್ರೋಟೀನನ್ನು ಹೆಚ್ಚಾಗಿ ತಯಾರಿಸುತ್ತದೆ. ಬಂಡಿಗಳು ಹೆಚ್ಚಾದವು, ಸರಕು ಬಂಡಿಗಳಲ್ಲೇ ಉಳಿಯಿತು, ಅಂಗಡಿಗೆ ಇಳಿಯಲಿಲ್ಲ. ಗ್ರಂಥಿ ಸರಿಯಿರುವವರಲ್ಲಿ ಅದೇ ಹೆಚ್ಚು ಸ್ರವಿಸಿ ಸರಿದೂಗಿಸುತ್ತದೆ. ಗುಳಿಗೆಯನ್ನೇ ನಂಬಿದ ನನ್ನಂಥವರಲ್ಲಿ ಸರಿದೂಗಿಸುವವರು ಯಾರು? 2001ರಲ್ಲಿಯೇ ಥೈರಾಕ್ಸಿನ್ ಸೇವಿಸುತ್ತಿದ್ದ 25 ಹೆಂಗಸರ ಅಧ್ಯಯನದಲ್ಲಿ ಇದು ಅಮೆರಿಕದಲ್ಲಿ ಪ್ರಕಟವಾಗಿತ್ತು. ಚರ್ಮಕ್ಕೆ ಹಚ್ಚುವ ಈಸ್ಟ್ರೋಜನ್ ನೇರವಾಗಿ ರಕ್ತಕ್ಕೆ ಸೇರುವುದರಿಂದ ಈ ತೊಡಕು ಇರುವುದಿಲ್ಲ. ರಕ್ತ ಹೆಪ್ಪುಗಟ್ಟುವ ಅಪಾಯವೂ ಅದರಲ್ಲಿ ಕಡಿಮೆ. ಎರಡು ದಾರಿಗಳಿದ್ದುವು: ಥೈರಾಕ್ಸಿನ್ ಏರಿಸುವುದು, ಇಲ್ಲವೆ ಈಸ್ಟ್ರೋಜನ್ ಜೆಲ್‌ಗೆ ಬದಲಾಗುವುದು. ನಾನು ಎರಡನೆಯದನ್ನು ಆರಿಸಿಕೊಂಡೆ. ಎಂಟು ವಾರಗಳ ಅನಂತರ ಮತ್ತೆ ರಕ್ತಪರೀಕ್ಷೆ. ಅದಕ್ಕೆ ಮುಂಚೆ ಮಾಡಿಸಿದರೆ ಅಂಕಿ ನಿಜ ಹೇಳದು. ಈಗ ಎರಡರ ಆಸುಪಾಸಿನಲ್ಲಿದೆ.

ಇನ್ನು ಬೆಳಗಿನ ಗುಳಿಗೆಯ ಕಥೆ. ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆ ಏನನ್ನೂ ಸೇವಿಸಬಾರದು, ಕಾಫಿಯನ್ನಂತೂ ಕೂಡದು. ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆಗಳಿಗೂ ಇದಕ್ಕೂ ನಾಲ್ಕು ಗಂಟೆಗಳ ಅಂತರ ಬೇಕು. ನಮ್ಮ ಮನೆಯಲ್ಲೋ ಇಷ್ಟಲಿಂಗ ಪೂಜೆಗೆ ಮುನ್ನ ಬಾಯಿಗೆ ನೀರು ಸೋಕಿಸುವ ರೂಢಿಯಿಲ್ಲ. ಆದ್ದರಿಂದ ವರ್ಷಗಟ್ಟಲೆ ಪೂಜೆ ಮುಗಿಸಿ, ಗುಳಿಗೆ ನುಂಗಿ, ಹಿಂದೆಯೇ ಕಾಫಿ ಕುಡಿದುಬಿಡುತ್ತಿದ್ದೆ. ನುಂಗಿದ ಗುಳಿಗೆಯಲ್ಲಿ ಎಷ್ಟು ಮೈಗೆ ಹತ್ತಿತೋ! ಒಂದು ದಿನ ಇದನ್ನು ಅತ್ತೆಯವರಿಗೆ ಹೇಳಿದೆ. ಎಂಬತ್ತು ದಾಟಿದವರು, ಆಚಾರದಲ್ಲಿ ಕಟ್ಟುನಿಟ್ಟು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮದ್ದು ಊಟವಲ್ಲ ಕಣಮ್ಮ” ಎಂದರು. ಆ ರಾತ್ರಿ ನನ್ನ ಹಾಸಿಗೆಯ ಬಳಿ ತಂಬಿಗೆಯಲ್ಲಿ ನೀರಿಟ್ಟವರೂ ಅವರೇ. ಈಗ ಎದ್ದೊಡನೆ ಗುಳಿಗೆ, ಆಮೇಲೆ ಸ್ನಾನ, ಪೂಜೆ. ಪೂಜೆ ಮುಗಿಯುವಷ್ಟರಲ್ಲಿ ವೈದ್ಯರು ಹೇಳಿದ ಹೊತ್ತು ತಾನಾಗಿಯೇ ಕಳೆದು ಕಾಫಿಯ ವೇಳೆಯಾಗಿರುತ್ತದೆ.

ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ನಮ್ಮ ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ತಳ್ಳಿಹಾಕಿದರೆಂದು ಭಾಷಣಗಳಲ್ಲಿ ಕೇಳುತ್ತೇವೆ. ಮುಟ್ಟಿನ ಮೈಲಿಗೆ ಹೋಯಿತು, ಸರಿ. ಮುಟ್ಟಿನ ಮಾತಿಗೆ ಅಂಟಿದ ಮೈಲಿಗೆ ನಮ್ಮ ಮನೆಯಲ್ಲಿ ಎಷ್ಟೋ ಕಾಲ ಉಳಿದಿತ್ತು. ನನ್ನ ತಾಯಿ ಈ ವಯಸ್ಸಿನಲ್ಲಿ ನಡುರಾತ್ರಿ ಎದ್ದು ಹಿತ್ತಲಿನ ಕಲ್ಲಿನ ಮೇಲೆ ಕುಳಿತಿರುತ್ತಿದ್ದಳು. ಅವಳಿಗೆ ಸಿಟ್ಟು ಜಾಸ್ತಿಯೆಂದು ನಾವು ಮಕ್ಕಳು ಆಡಿಕೊಂಡಿದ್ದೆವು. ಡಾ. ಅನುಪಮಾ ನಿರಂಜನರು ಹೆಂಗಸರ ಆರೋಗ್ಯದ ಬಗ್ಗೆ ಕನ್ನಡದಲ್ಲಿ ಬಿಚ್ಚುಮನಸ್ಸಿನಿಂದ ಬರೆದಿದ್ದರು. ಆ ಪುಸ್ತಕಗಳು ನಮ್ಮ ಮನೆಗೆ ಬರಲಿಲ್ಲ.

ಯಜಮಾನರ ವಿಷಯ ಹೇಳದಿದ್ದರೆ ಅನ್ಯಾಯವಾದೀತು. ಮೊದಲೆರಡು ಸಲ ಅವರು ಮಲ್ಲೇಶ್ವರದ ಆ ದವಾಖಾನೆಯ ಹೊರಗೆ, ಹೆಂಗಸರ ಸಾಲಿನಿಂದ ದೂರ, ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಕುಳಿತಿದ್ದರು. ಮೂರನೆಯ ಸಲ ನನ್ನ ಹಿಂದೆಯೇ ಒಳಗೆ ಬಂದರು. ಎಲ್ಲ ಮುಗಿದು ಏಳುವಾಗ, ನೆಲ ನೋಡುತ್ತ, “ರಾತ್ರಿ ಇವಳು ಎಚ್ಚರವಾಗಿದ್ದಾಗ ನಾನೇನು ಮಾಡಬೇಕು, ಡಾಕ್ಟರೇ?” ಎಂದು ಕೇಳಿದರು. “ಫ್ಯಾನು ಹಾಕಿ, ಎಚ್ಚರವಾಗಿಯೇ ಇರಿ” ಎಂದು ವೈದ್ಯೆ ನಕ್ಕರು.