ಕುಮಾರಪರ್ವತದ ದಾರಿಯಲ್ಲಿ

ಶ್ರಾವಣಮಾಸದ ಪ್ರವಚನಗಳಲ್ಲಿ ಕುಮಾರಪರ್ವತದ ಪ್ರಸಂಗವನ್ನು ನನ್ನ ಬಾಯಿಂದ ಕೇಳದ ಭಕ್ತರು ನಮ್ಮ ಭಾಗದಲ್ಲಿ ವಿರಳ. ಸಾಧಕನ ನಿಷ್ಠೆ ಎಂತಿರಬೇಕೆಂಬುದಕ್ಕೆ ದೃಷ್ಟಾಂತವಾಗಿ ಅದನ್ನು ಬಹುಕಾಲದಿಂದ ಹೇಳುತ್ತ ಬಂದವನು ನಾನು. ಕಾಲು ಸೋತಿತು, ಉಸಿರು ಕಟ್ಟಿತು, ಮಂಜು ಮುಸುಕಿತು. ಆದರೂ ಹಿಂದಿರುಗದೆ ಶಿಖರವನ್ನು ಮುಟ್ಟಿದೆ ಎಂಬುದು ಅದರ ಸಾರ. ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಆದರೆ ಹೇಳದೆ ಬಿಟ್ಟದ್ದೊಂದು ಉಂಟು. ಅದನ್ನು ವಾಚಕರ ಮುಂದಿಡುವುದಕ್ಕಾಗಿಯೇ ಈ ಲೇಖನ.

ಪೀಠದಲ್ಲಿ ಕುಳಿತವರು ತಮ್ಮನ್ನು ‘ನಾವು’ ಎಂದು ಹೇಳಿಕೊಳ್ಳುವುದು ಮಠಗಳ ರೂಢಿ. ಈ ಬರಹದಲ್ಲಿ ‘ನಾನು’ ಎಂದೇ ಬರೆಯುತ್ತೇನೆ. ಇಲ್ಲಿ ಒಪ್ಪಿಕೊಳ್ಳಬೇಕಾಗಿರುವ ತಪ್ಪು ಪೀಠದ್ದಲ್ಲ, ನನ್ನದು.

ಕೊಡಗು ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಗಡಿಯಲ್ಲಿ ಎದ್ದು ನಿಂತಿರುವ ಕುಮಾರಪರ್ವತಕ್ಕೆ ಪುಷ್ಪಗಿರಿ ಎಂಬ ಹೆಸರೂ ಉಂಟು. ಅದರ ಎತ್ತರ ೧,೭೧೨ ಮೀಟರು. ಕೊಡಗಿನಲ್ಲಿ ತಡಿಯಂಡಮೋಳ್ ಶಿಖರವನ್ನು ಬಿಟ್ಟರೆ ಇದೇ ಎತ್ತರವಾದದ್ದು. ಸುತ್ತಲಿನ ಕಾಡು ೧೯೮೭ರಲ್ಲಿ ವನ್ಯಜೀವಿಧಾಮವಾಯಿತು; ೨೦೧೨ರಲ್ಲಿ ಪಶ್ಚಿಮಘಟ್ಟಗಳಿಗೆ ವಿಶ್ವಪರಂಪರೆಯ ತಾಣವೆಂಬ ಮನ್ನಣೆ ದೊರೆತಾಗ ಪುಷ್ಪಗಿರಿಯೂ ಆ ಪಟ್ಟಿಯಲ್ಲಿ ಸೇರಿತು. ಎತ್ತರದ ಲೆಕ್ಕದಲ್ಲಿ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ಇದಕ್ಕಿಂತ ದೊಡ್ಡದು, ೧,೯೩೦ ಮೀಟರು. ಆದರೆ ಅಲ್ಲಿ ವಾಹನಗಳು ಗಿರಿಯ ತಲೆಯ ಸಮೀಪದವರೆಗೂ ಹೋಗುತ್ತವೆ. ಇಲ್ಲಿ ಹಾಗಲ್ಲ. ಘಟ್ಟದ ಬುಡದಲ್ಲಿರುವ ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಟವನು ಒಂದೂವರೆ ಸಾವಿರ ಮೀಟರಿಗೂ ಹೆಚ್ಚಿನ ಎತ್ತರವನ್ನು ತನ್ನ ಕಾಲಿನಿಂದಲೇ ಗಳಿಸಬೇಕು. ದೂರ ಸುಮಾರು ೧೩ ಕಿಲೋಮೀಟರು. ಮರಳಿ ಬರಲು ಅಷ್ಟೇ ಇಳಿಯಬೇಕು. ಈ ದಾರಿ ಕಠಿಣವೆಂಬ ಮಾತು ಚಾರಣಿಗರಲ್ಲಿ ಹಳೆಯದು.

ನಾನು ಮೊದಲು ಆ ಬೆಟ್ಟವನ್ನು ಏರಿದ್ದು ೧೯೯೨ರ ಜನವರಿಯಲ್ಲಿ. ಪಾಠಶಾಲೆಯಲ್ಲಿ ವ್ಯಾಕರಣ, ತರ್ಕಗಳ ಅಭ್ಯಾಸವನ್ನು ಮುಗಿಸಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಸಂಸ್ಕೃತ ಎಂ.ಎ. ಓದುತ್ತಿದ್ದ ಕಾಲ. ಇನ್ನೂ ಪಟ್ಟವಾಗಿರಲಿಲ್ಲ, ಮಠದ ಮರಿಯಾಗಿದ್ದೆ. ಜೊತೆಗಿದ್ದವನು ಕನ್ನಡ ಎಂ.ಎ. ಓದುತ್ತಿದ್ದ ಒಬ್ಬ ಗೆಳೆಯ. ಹಾಸನ ಜಿಲ್ಲೆಯ ರೈತರ ಮನೆಯ ಹುಡುಗ. ನನ್ನನ್ನು ಅವನು ಅರ್ಧ ಭಕ್ತಿಯಿಂದಲೂ ಅರ್ಧ ಪರಿಹಾಸದಿಂದಲೂ ‘ದೇವರು’ ಎಂದು ಕರೆಯುತ್ತಿದ್ದ.

ದೇವರಗದ್ದೆಯ ಕಡೆಯಿಂದ ಕಾಡು ಹೊಕ್ಕರೆ ಮೊದಲ ಕೆಲವು ಮೈಲಿಗಳಲ್ಲಿ ಆಕಾಶವೇ ಕಾಣುವುದಿಲ್ಲ. ದಾರಿಯುದ್ದಕ್ಕೂ ಮರದ ಬೇರುಗಳೇ ಮೆಟ್ಟಿಲು. ನಡುವೆ ಭೀಮನ ಬಂಡೆ ಎಂಬ ಹೆಬ್ಬಂಡೆಯ ಬಳಿ ಕುಳಿತು ಬೆವರು ಒರೆಸಿಕೊಂಡು ಮತ್ತೆ ಏರಿದರೆ ಕಾಡು ತೆರೆದು ಗಿರಿಗದ್ದೆ ಬರುತ್ತದೆ. ಚಾರಣಿಗರಿಗೆ ಅನ್ನವಿಕ್ಕುತ್ತಿದ್ದ ಮನೆಯೊಂದು ಅಲ್ಲಿತ್ತು. ‘ಭಟ್ಟರ ಮನೆ’ ಎಂದರೆ ಆ ದಾರಿ ಬಲ್ಲವರೆಲ್ಲ ಬಲ್ಲರು. ರಾತ್ರಿ ಅಲ್ಲಿ ತಂಗಿ, ನಸುಕಿನಲ್ಲಿ ಇಷ್ಟಲಿಂಗಪೂಜೆಯನ್ನು ಮುಗಿಸಿ ಇಬ್ಬರೂ ಹೊರಟೆವು.

ಗಿರಿಗದ್ದೆಯಿಂದ ಮುಂದೆ ಬೆಟ್ಟದ ರೂಪವೇ ಬೇರೆ. ಮರಗಳೆಲ್ಲ ಕಣಿವೆಯ ಮಡಿಲಿಗೆ ಇಳಿದು ಶೋಲೆಯಾಗಿ ನಿಲ್ಲುತ್ತವೆ. ಗಾಳಿ ಬಡಿಯುವ ಬೆಟ್ಟದ ಬೆನ್ನಿನ ಮೇಲೆ ಹುಲ್ಲೊಂದೇ. ನೆರಳಿಲ್ಲ. ದಾರಿ ಆ ಬೆನ್ನಿನ ಮೇಲೆಯೇ ಸಾಗುತ್ತದೆ. ತಿರುಗಿ ನೋಡಿದಲ್ಲೆಲ್ಲ ಒಂದೊಂದು ನೋಟ: ಕೆಳಗೆ ಸುಬ್ರಹ್ಮಣ್ಯದ ಕಾಡು, ತೋಟಗಳು, ಅವುಗಳ ಮೇಲೆ ಹಾಲಿನಂತೆ ಹರಡಿದ ಮಂಜು. ಅರ್ಧ ದಾರಿಯಲ್ಲಿ ಕಲ್ಲುಮಂಟಪ. ಕೆಲವೇ ಕಂಬಗಳ ಪುಟ್ಟ ಮಂಟಪವದು. ಸಮೀಪದಲ್ಲಿ ನೀರಿನ ಒರತೆ. ಅಲ್ಲಿಂದ ಮೇಲೆ ಶೇಷಪರ್ವತದ ಕಡಿದಾದ ಏರು. ಶಿಖರ ಅದರ ಆಚೆ ಮರೆಯಾಗಿರುತ್ತದೆ.

ಮಂಟಪಕ್ಕೆ ಇನ್ನೂ ನಾಲ್ಕು ಮಾರು ಇರುವಾಗ ಸಡಿಲ ಕಲ್ಲಿನ ಮೇಲೆ ಗೆಳೆಯನ ಕಾಲು ಜಾರಿ ಪಾದ ಉಳುಕಿತು. ನೋಡನೋಡುತ್ತಿದ್ದಂತೆಯೇ ಊದಿಕೊಂಡಿತು. ಕೈಹಿಡಿದು ಮಂಟಪದವರೆಗೆ ತಂದು ಕೂರಿಸಿದೆ. ಅವನೇ ಹೇಳಿದ: “ದೇವರು ಹೋಗಿ ಬರಲಿ. ನಾನು ಇಲ್ಲೇ ಇರ್ತೀನಿ.”

ಅವನು ಹೇಳಿದ್ದು ನಿಜ. ನಾನು ಕ್ಷಣಮಾತ್ರವೂ ಯೋಚಿಸದೆ ಹೊರಟದ್ದೂ ನಿಜ. ನಮ್ಮ ಬಳಿ ನೀರಿನ ಕ್ಯಾನು ಇದ್ದದ್ದು ಒಂದೇ. ಅದು ನನ್ನ ಹೆಗಲಿನಲ್ಲಿತ್ತು, ಅಲ್ಲಿಯೇ ಉಳಿಯಿತು. ಒರತೆ ಹತ್ತಿರದಲ್ಲಿದೆಯಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಆ ಕಾಲಿನಲ್ಲಿ ಅವನು ಹತ್ತು ಹೆಜ್ಜೆಯನ್ನೂ ಇಡಲಾರನೆಂಬುದು ನನ್ನ ಕಣ್ಣಿಗೆ ಕಾಣುತ್ತಿತ್ತು. ಕಂಡರೂ ನೋಡಲಿಲ್ಲ.

ಶೇಷಪರ್ವತದ ಮೇಲೆ ನಿಂತಾಗ ಒಂದು ಬದಿಯ ಪ್ರಪಾತದಿಂದ ಮಂಜು ಹೊಗೆಯಂತೆ ಏಳುತ್ತಿತ್ತು. ಅಲ್ಲಿಂದ ಇಳಿದು ಶೋಲೆಯ ಕತ್ತಲನ್ನು ಹೊಕ್ಕು, ನೀರು ಜಿನುಗುವ ಬಂಡೆಯನ್ನು ಕೈಕಾಲೂರಿ ಏರಿ ಶಿಖರವನ್ನು ತಲುಪಿದೆ. ಈ ಗಿರಿಸಾಲು ನೀರನ್ನು ಇಬ್ಭಾಗ ಮಾಡುವ ಸಾಲು. ಪಶ್ಚಿಮದ ಇಳಿಜಾರಿನ ನೀರು ಕುಮಾರಧಾರೆಯಾಗಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಪೂರ್ವದ ನೀರು ಹಾರಂಗಿಯಾಗಿ ಕಾವೇರಿಯನ್ನು ಕೂಡಿ ಬಂಗಾಳಕೊಲ್ಲಿಯ ಕಡೆಗೆ ಹರಿಯುತ್ತದೆ. ಒಂದೇ ಮೋಡದ ಮಳೆ, ಎರಡು ಕಡಲು! ಇಪ್ಪತ್ತೆರಡರ ವಯಸ್ಸು, ಪ್ರವಚನಕ್ಕೆ ಒಳ್ಳೆಯ ದೃಷ್ಟಾಂತ ಸಿಕ್ಕಿತೆಂದು ಹಿಗ್ಗಿದೆ. ಬಹಳ ಹೊತ್ತು ಅಲ್ಲಿಯೇ ಕುಳಿತೆ.

ಮಂಟಪಕ್ಕೆ ಮರಳಿದಾಗ ಐದು ಗಂಟೆಗಳ ಕಾಲ ಕಳೆದಿತ್ತು. ಗೆಳೆಯನ ಎರಡೂ ಮೊಣಕೈಗಳು ತರಚಿಹೋಗಿದ್ದವು; ಪಂಚೆ ಕೆಸರಾಗಿತ್ತು. ತೆವಳಿಕೊಂಡು ಒರತೆಗೆ ಹೋಗಿ ಬಂದಿದ್ದನೆಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಅವನು ಕೇಳಿದ್ದು ಒಂದೇ ಮಾತು: “ಮೇಲೆ ಹೇಗಿತ್ತು?” ನನ್ನ ಹೆಗಲಿಗೆ ಆತು ಅವನು ಕುಂಟುತ್ತ ಇಳಿಯುತ್ತಿದ್ದರೆ, ನಾನು ದಾರಿಯುದ್ದಕ್ಕೂ ಎರಡು ಕಡಲುಗಳ ಕಥೆಯನ್ನು ಹೇಳುತ್ತಲೇ ಇದ್ದೆ. ‘ಇಲ್ಲಿ ಹೇಗಿತ್ತು’ ಎಂದು ಅವನನ್ನು ಕೇಳಬೇಕೆಂಬುದು ನನಗೆ ಹೊಳೆಯಲೇ ಇಲ್ಲ.

ಪ್ರವಚನದ ಪ್ರಸಂಗದಲ್ಲಿ ಗೆಳೆಯನಿಗೆ ಸ್ಥಾನವಿರಲಿಲ್ಲ. ಮೊದಲ ಸಲ ಮರೆತೆನೋ, ಬೇಕೆಂದೇ ಬಿಟ್ಟೆನೋ, ಇಂದು ಹೇಳಲಾರೆ. ಅನಂತರ ಅದೇ ಪಾಠವಾಯಿತು. ಅವನು ಈಗ ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯ. ವರ್ಷಕ್ಕೊಮ್ಮೆ ಮಠಕ್ಕೆ ಬರುತ್ತಾನೆ. ಎರಡು ಬಾರಿ ಸಭೆಯಲ್ಲಿ ಕುಳಿತು ಆ ಪ್ರಸಂಗವನ್ನು ನನ್ನ ಬಾಯಿಂದಲೇ ಕೇಳಿದ್ದಾನೆ. ಕೇಳಿ, ಎಲ್ಲರಂತೆ ನಮಸ್ಕರಿಸಿ, ಪ್ರಸಾದ ಸ್ವೀಕರಿಸಿ ಹೋಗಿದ್ದಾನೆ.

೨೦೨೨ರ ಡಿಸೆಂಬರಿನಲ್ಲಿ ನಮ್ಮ ಪ್ರಸಾದನಿಲಯದ ಮೂವರು ವಿದ್ಯಾರ್ಥಿಗಳು ಆ ಬೆಟ್ಟವನ್ನು ನೋಡಬೇಕೆಂದು ಆಸೆಪಟ್ಟರು. ಐವತ್ತು ದಾಟಿದ ನಾನೂ ಹೊರಟೆ. ಪಾದುಕೆ ಬಿಟ್ಟು ಕ್ಯಾನ್‌ವಾಸ್ ಬೂಟು ಧರಿಸಿದ ಸ್ವಾಮಿಯನ್ನು ಕಂಡು ಮಕ್ಕಳು ನಗು ತಡೆದುಕೊಂಡದ್ದು ನನಗೆ ಗೊತ್ತು. ಭೀಮನ ಬಂಡೆಯವರೆಗೆ ನಾನೇ ಮುಂದಿದ್ದೆ. ಗಿರಿಗದ್ದೆಯಲ್ಲಿ ಸರಿಸಮನಾದೆವು. ಮರುದಿನ ಹುಲ್ಲುಗಾವಲಿನ ಏರಿನಲ್ಲಿ ಬಲಮೊಣಕಾಲು ನೋಯತೊಡಗಿ, ಕಲ್ಲುಮಂಟಪದ ಹೊತ್ತಿಗೆ ಮಡಿಸಲಾಗದಂತಾಯಿತು. ಅದೇ ಮಂಟಪ, ಅದೇ ಕಂಬ.

“ನೀವು ಮೂವರೂ ಹೋಗಿ ಬನ್ನಿ. ನಾನಿಲ್ಲಿ ಕುಳಿತಿರುತ್ತೇನೆ” ಎಂದೆ. ಹೇಳಿದ ಮೇಲೆ ಆ ಮಾತು ಹಿಂದೆ ಯಾರದಾಗಿತ್ತೆಂಬುದು ನೆನಪಾಯಿತು.

ಇಬ್ಬರು ಹೋದರು. ಬಿ.ಎಸ್ಸಿ. ಓದುತ್ತಿದ್ದ ಮೂರನೆಯ ಹುಡುಗ ಕದಲಲಿಲ್ಲ. ಹೋಗೆಂದು ಗದರಿದೆ. “ಮಾತು ಮೀರಿದ್ದಕ್ಕೆ ಬುದ್ಧಿಯೋರು ಕ್ಷಮಿಸಬೇಕು. ನಾನು ಹೋಗಲ್ಲ” ಎಂದು ತನ್ನ ನೀರಿನ ಬಾಟಲಿಯನ್ನು ನನ್ನ ಪಕ್ಕದಲ್ಲಿಟ್ಟು ಕುಳಿತ. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಕೇಳಿದ: “ಬುದ್ಧಿ, ಆವತ್ತು ನೀವು ಒಬ್ಬರೇ ಬಂದಿದ್ರಾ?”

ಅವನ ಮುಖದಲ್ಲಿ ಕುಹಕವಿರಲಿಲ್ಲ. ನನ್ನ ಪ್ರವಚನವನ್ನು ಹಲವು ಬಾರಿ ಕೇಳಿದ್ದ ಹುಡುಗ. ದಾರಿಯನ್ನು ಕಣ್ಣಾರೆ ಕಂಡ ಮೇಲೆ ಒಬ್ಬನೇ ಹೇಗೆ ಬಂದಾರೆಂದು ಬೆರಗಾಗಿ ಕೇಳಿದ್ದ. ನನ್ನ ಗಂಟಲು ಒಣಗಿತು. ಅವನ ಬಾಟಲಿಯಿಂದಲೇ ನೀರು ಕುಡಿದು, ನಡೆದದ್ದೆಲ್ಲವನ್ನೂ ಹೇಳಿದೆ. ಅವನು ತೀರ್ಪು ನೀಡಲಿಲ್ಲ. “ಒರತೆ ಎಲ್ಲಿದೆ ಬುದ್ಧಿ?” ಎಂದ. ತೋರಿಸಿದೆ. ಎದ್ದು ಹೋಗಿ ನೋಡಿ ಬಂದು, “ತೆವಳಿಕೊಂಡು ಬರೋದು ಕಷ್ಟ. ಕಲ್ಲು ಬಹಳ ಚೂಪು” ಎಂದಷ್ಟೇ ಹೇಳಿದ.

ಆ ಹಗಲನ್ನು ಅಲ್ಲಿಯೇ ಕಳೆದೆವು. ಗಾಳಿಗೆ ಹುಲ್ಲು ಒಮ್ಮೆ ಬೆಳ್ಳಿಯಾಗಿ ಒಮ್ಮೆ ಹೊನ್ನಾಗಿ ಹೊರಳುತ್ತಿತ್ತು. ಕಣಿವೆಯಿಂದೆದ್ದ ಮಂಜು ಶೋಲೆಯನ್ನು ನುಂಗಿ ಮತ್ತೆ ಬಿಟ್ಟುಕೊಡುತ್ತಿತ್ತು. ಶಿಖರಕ್ಕೆ ಧಾವಿಸಿದವನಿಗೆ ಇದಾವುದೂ ಕಂಡಿರಲಿಲ್ಲ. ಗೆಳೆಯ ಅಂದು ಇದನ್ನೆಲ್ಲ ನೋಡುತ್ತ ಕುಳಿತಿದ್ದಿರಬೇಕು, ಅವನಿಗೂ ಒಂದು ನೋಟ ದಕ್ಕಿತ್ತೆಂದು ನನ್ನಷ್ಟಕ್ಕೆ ನಾನೇ ನೆಮ್ಮದಿ ತಂದುಕೊಂಡೆ.

ಮರುತಿಂಗಳು ಅವನ ಮನೆಗೆ ಹೋದೆ. ಅವನ ಪತ್ನಿ ಮಜ್ಜಿಗೆ ತಂದುಕೊಟ್ಟರು. ಕ್ಷಮೆ ಕೇಳಿದಾಗ ಅವನು ಸಂಕೋಚದಿಂದ ಕುಗ್ಗಿಹೋದ. “ಮೂವತ್ತು ವರ್ಷದ ಮಾತು, ಬಿಡಿ ಬುದ್ಧಿ. ಆದರೆ ಪ್ರವಚನದಲ್ಲಿ ಒಬ್ಬರೇ ಹೋದ ಹಾಗೆ ಹೇಳ್ತೀರಲ್ಲ, ಅದೊಂದು ಸ್ವಲ್ಪ...” ಎಂದು ಮಾತನ್ನು ಅಲ್ಲಿಗೇ ನಿಲ್ಲಿಸಿದ. ಆ ವಾಕ್ಯವನ್ನು ಅವನು ಪೂರ್ಣ ಮಾಡಲಿಲ್ಲ. ಮಾಡೆಂದು ಒತ್ತಾಯಿಸುವ ಅಧಿಕಾರ ನನಗಿರಲಿಲ್ಲ.

ಹೊರಡುವಾಗ ಕೇಳಿದೆ: “ಆ ಐದು ಗಂಟೆ ಮಂಟಪದಲ್ಲಿ ಕುಳಿತು ಏನು ನೋಡಿದೆ?”

“ಏನು ನೋಡೋದು ಬುದ್ಧಿ? ನಿಮ್ಮ ದಾರಿ ನೋಡ್ತಿದ್ದೆ. ಶೇಷಪರ್ವತದ ಮೇಲೆ ನಿಮ್ಮ ಕಾವಿ ಶಲ್ಯ ಯಾವಾಗ ಕಾಣ್ತದೋ ಅಂತ.”

ಅನಂತರದ ಶ್ರಾವಣಗಳಲ್ಲಿ ಆ ಪ್ರಸಂಗವನ್ನೇ ಬಿಟ್ಟುಬಿಟ್ಟೆ. ಬಿಡುವುದು ಸುಲಭ, ತಿದ್ದುವುದು ಕಷ್ಟ. ಕುಮಾರಪರ್ವತದ ಕಥೆ ಏಕೆ ಹೇಳುತ್ತಿಲ್ಲವೆಂದು ಭಕ್ತರು ಕೇಳುತ್ತಲೇ ಇದ್ದಾರೆ. ಇದೇ ಉತ್ತರ.

ಈಗ ಆ ಬೆಟ್ಟಕ್ಕೆ ಹೋಗುವವರು ಬಹಳ. ೨೦೨೪ರ ಜನವರಿಯಲ್ಲಿ ರಜೆಯ ದಿನ ಸಾವಿರಾರು ಜನರು ಮುಗಿಬಿದ್ದ ಮೇಲೆ ಸರ್ಕಾರವು ಚಾರಣಕ್ಕೆ ತಡೆ ಹಾಕಿ, ಮುಂಗಡ ಅನುಮತಿಯ ವ್ಯವಸ್ಥೆಯನ್ನು ತಂದಿತು. ಅದು ಒಳ್ಳೆಯದೇ. ಹೋಗಬಯಸುವ ತರುಣರು ಅನುಮತಿ ಪಡೆದು ಹೋಗಿರಿ. ಪ್ರತಿಯೊಬ್ಬನ ಬಳಿಯೂ ಅವನವನ ನೀರಿರಲಿ. ಒಯ್ದ ಕಸವನ್ನು ಮರಳಿ ತನ್ನಿರಿ. ತಂಡದಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವನ ನಡಿಗೆಯೇ ತಂಡದ ನಡಿಗೆಯಾಗಿರಲಿ. ಅವನು ‘ಹೋಗಿ ಬನ್ನಿ’ ಎಂದರೆ ಆ ಮಾತನ್ನು ಕೂಡಲೇ ನಂಬಬೇಡಿರಿ. ಅವನ ಕಾಲನ್ನೊಮ್ಮೆ ನೋಡಿರಿ.

ಬರುವ ಶ್ರಾವಣದಲ್ಲಿ ಪ್ರಸಂಗವನ್ನು ಮತ್ತೆ ಹೇಳುವ ಸಂಕಲ್ಪವಿದೆ. ಈ ಸಲ ಇಬ್ಬರು ಹೊರಟ ಕಥೆಯಾಗಿ. ಗೆಳೆಯನಿಗೆ ಆಹ್ವಾನ ಹೋಗಿದೆ. ಬರುತ್ತೇನೆಂದು ಅವನು ಇನ್ನೂ ತಿಳಿಸಿಲ್ಲ. ಈ ಸಲ ದಾರಿ ನೋಡುವ ಸರದಿ ನನ್ನದು.